ಇಬ್ಬರ ಸೈಕಲ್ ಯಾತ್ರೆಗೆ ಒಂದು ಲಯ ಕೂಡಿಬಂದ ಬಗೆ

ಗಂಡ ಹೆಂಡತಿ ಇಬ್ಬರಿಗೂ ಸೈಕಲ್ ತುಳಿದು ರೂಢಿಯಿದ್ದರೆ ದೂರದ ಯಾತ್ರೆ ತಾನಾಗಿಯೇ ಸಲೀಸಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ತಿಂಗಳುಗಟ್ಟಲೆ ಸಾಗುವ ಯಾತ್ರೆಯಲ್ಲಿ ಕಾಲಿನ ಕಸುವು ಹೇಗೂ ಕೂಡಿಬರುತ್ತದೆ. ಕೂಡಿಬರದೆ ಕಾಡುವುದು ಇಬ್ಬರ ನಡುವಿನ ವ್ಯತ್ಯಾಸ. ಒಬ್ಬರ ವೇಗ, ಹಸಿವು, ದಣಿವು, ತಾಳ್ಮೆ ಇನ್ನೊಬ್ಬರದರಂತೆ ಇರುವುದಿಲ್ಲ. ನಮ್ಮ ಮೊದಲ ವಾರಗಳು ಕಳೆದದ್ದು ಆ ವ್ಯತ್ಯಾಸಕ್ಕೆ ತಕ್ಕ ಏರ್ಪಾಟುಗಳನ್ನು ಒಂದೊಂದಾಗಿ ಕಂಡುಕೊಳ್ಳುವುದರಲ್ಲಿ.

ಅವುಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಸಾಮಾನಿನ ಹಂಚಿಕೆ. ಟೆಂಟ್, ಒಲೆ, ಸ್ಲೀಪಿಂಗ್ ಬ್ಯಾಗ್, ಬಟ್ಟೆ, ರಿಪೇರಿ ಸಾಮಾನು, ನೀರು, ಆಹಾರ ಎಲ್ಲವೂ ಸೇರಿ ನಮ್ಮದು ಸುಮಾರು 36 ಕಿಲೋ. ಸಮಪಾಲು ಎಂದರೆ ತಲಾ 18 ಕಿಲೋ ಆಗುತ್ತದೆ, ನೋಡುವುದಕ್ಕೆ ನ್ಯಾಯವೆಂದೂ ಅನ್ನಿಸುತ್ತದೆ. ಆದರೆ ನನ್ನ ಮೈತೂಕ 55 ಕಿಲೋ, ನನ್ನ ಪತಿಯದು 80 ಕಿಲೋ, ಸೈಕಲ್ಲುಗಳು ತಲಾ 15 ಕಿಲೋ. ಹಾಗಾಗಿ ಸಮಪಾಲಿನಲ್ಲಿ ನಾನು ನನ್ನ ಮೈತೂಕದ ಶೇಕಡಾ 60ರಷ್ಟು ಭಾರವನ್ನು ಏರಿಗೆ ಎಳೆಯಬೇಕಾದರೆ, ಅವರು ಎಳೆಯುವುದು ತಮ್ಮ ಮೈತೂಕದ ಶೇಕಡಾ 41ರಷ್ಟನ್ನು ಮಾತ್ರ. ಕಾಗದದ ಮೇಲೆ ಲೆಕ್ಕ ಹಾಕಿ ನನ್ನ ಪಾಲಿಗೆ 12, ಅವರ ಪಾಲಿಗೆ 24 ಕಿಲೋ ಎಂದು ಮಾಡಿದಾಗ ಇಬ್ಬರಿಗೂ ಅದು ಸುಮಾರು ಶೇಕಡಾ 49ಕ್ಕೆ ಬಂದು ನಿಂತಿತು. ಅವರ ಅರ್ಧದಷ್ಟು ಸಾಮಾನು ಹೊರುವುದಕ್ಕೆ ನನಗೆ ಆರಂಭದಲ್ಲಿ ಸಂಕೋಚವಿತ್ತು ಎಂಬುದು ನಿಜ. ಆದರೆ ಏರಿನಲ್ಲಿ ನಮ್ಮ ನಡುವಿನ ಅಂತರ ಕುಗ್ಗಿದ್ದನ್ನು ಕಂಡ ಮೇಲೆ ಸ್ವಾಭಿಮಾನಕ್ಕಿಂತ ಲೆಕ್ಕವೇ ಮೇಲೆನಿಸಿತು. ಈ ಹಂಚಿಕೆಯೂ ಕಲ್ಲಿನ ಮೇಲೆ ಬರೆದದ್ದಲ್ಲ. ಯಾರಿಗಾದರೂ ಮೈ ಸರಿಯಿಲ್ಲದ ದಿನ ಮೊದಲು ಕೈಬದಲಾಗುವುದು ನೀರಿನ ಬಾಟಲಿಗಳು, ಏಕೆಂದರೆ ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, ಮತ್ತು ಅದನ್ನು ಬದಲಾಯಿಸುವುದಕ್ಕೆ ಚೀಲ ಬಿಚ್ಚಬೇಕಾಗಿಲ್ಲ. ಭಾರದ ವಸ್ತುಗಳನ್ನೆಲ್ಲ ಪಕ್ಕದ ಚೀಲಗಳ ತಳದಲ್ಲಿಟ್ಟು, ಒಂದಷ್ಟನ್ನು ಮುಂಚಕ್ರದ ಪಕ್ಕಕ್ಕೂ ಕಟ್ಟುತ್ತೇವೆ. ಎಲ್ಲವನ್ನೂ ಹಿಂದಕ್ಕೇ ಹೇರಿದರೆ ಕಡಿದಾದ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ಅತ್ತಿತ್ತ ತೂಗುತ್ತದೆ.

ಭಾರ ಸರಿಹೋದರೂ ವೇಗ ಪೂರ್ತಿ ಒಂದಾಗುವುದಿಲ್ಲ. ಏರಿನಲ್ಲಿ ಜೊತೆಯಾಗಿ ಹೋಗುವ ಹಟವನ್ನು ನಾವು ಬೇಗನೆ ಬಿಟ್ಟೆವು. ಇನ್ನೊಬ್ಬರ ಲಯಕ್ಕೆ ತುಳಿಯುವುದು ವೇಗಿಗೂ ಆಯಾಸ, ನಿಧಾನಿಗೂ ಆಯಾಸ. ಆದ್ದರಿಂದ ಏರಿನಲ್ಲಿ ಅವರವರ ಲಯ ಅವರವರದು, ಮೇಲೆ ತಲುಪಿದವರು ಕಾಯಬೇಕು, ಕವಲು ಸಿಕ್ಕಿದಲ್ಲಿ ಮುಂದಿರುವವರು ಕಡ್ಡಾಯವಾಗಿ ನಿಲ್ಲಬೇಕು. ಇದರಲ್ಲಿ ಸುಲಭವಾಗಿ ತಪ್ಪಿಹೋಗುವ ಒಂದು ಸೂಕ್ಷ್ಮವಿದೆ. ಮೊದಲು ತಲುಪಿದವರು ಹತ್ತು ನಿಮಿಷ ದಣಿವಾರಿಸಿಕೊಂಡಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದ ಕೂಡಲೇ ‘ಸರಿ, ಹೊರಡೋಣವೇ?’ ಎಂದುಬಿಟ್ಟರೆ, ಹೆಚ್ಚು ವಿಶ್ರಾಂತಿ ಬೇಕಾದವರಿಗೇ ಇಡೀ ದಿನ ವಿಶ್ರಾಂತಿ ಸಿಗುವುದಿಲ್ಲ. ಅದಕ್ಕಾಗಿ, ಕೊನೆಗೆ ಬಂದವರು ನೀರು ಕುಡಿದು ತಾವಾಗಿಯೇ ಹೆಲ್ಮೆಟ್ ಎತ್ತಿಕೊಳ್ಳುವವರೆಗೆ ಹೊರಡುವ ಮಾತೇ ಎತ್ತಬಾರದು ಎಂದು ಮಾಡಿಕೊಂಡೆವು.

ಸಮತಟ್ಟಿನಲ್ಲಿ ಗಾಳಿ ಇಲ್ಲದಿದ್ದರೆ ನಾನೇ ಮುಂದಿರುತ್ತೇನೆ, ವೇಗ ನನ್ನದಾಗುತ್ತದೆ. ಎದುರುಗಾಳಿ ಬೀಸಿದರೆ ಅವರು ಮುಂದೆ, ನಾನು ಅವರ ಬೆನ್ನ ಮರೆಯಲ್ಲಿ. ಸಾಮಾನು ಹೇರಿದ ಸೈಕಲ್ಲಿನ ನಿಧಾನ ವೇಗದಲ್ಲಿ ಈ ಮರೆಯ ಉಪಯೋಗ ಅಷ್ಟಾಗಿ ಗೊತ್ತಾಗುವುದಿಲ್ಲವಾದರೂ ಎದುರುಗಾಳಿಯ ದಿನ ಅದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅಂಥ ಹೊತ್ತಿನಲ್ಲಿ ಮುಂದಿನವರು ಆಡಿದ ಮಾತು ಹಿಂದಿನವರಿಗೆ ಕೇಳುತ್ತದೆ, ಹಿಂದಿನವರು ಎಷ್ಟು ಕೂಗಿದರೂ ಮುಂದಿನವರಿಗೆ ಮುಟ್ಟುವುದಿಲ್ಲ. ‘ಎಷ್ಟು ಕರೆದೆ, ತಿರುಗಿಯೂ ನೋಡಲಿಲ್ಲ’ ಎಂಬ ಬೇಸರದ ಮೂಲ ಬಹುಪಾಲು ಗಾಳಿಯೇ ಹೊರತು ಗಂಡನಲ್ಲ. ಹಿಂದಿರುವವರು ಎರಡು ಬಾರಿ ಬೆಲ್ ಬಾರಿಸಿದರೆ ನಿಲ್ಲಬೇಕು ಎಂಬ ಒಪ್ಪಂದ, ಹ್ಯಾಂಡಲ್ಲಿನ ತುದಿಗೆ ಒಂದು ಪುಟ್ಟ ಕನ್ನಡಿ, ಗುಂಡಿ ಬಂದರೆ ಕೈ ಕೆಳಗೆ ಮಾಡಿ ತೋರಿಸುವ ಅಭ್ಯಾಸ: ಇಷ್ಟರಿಂದ ಆ ಬೇಸರ ತಪ್ಪಿತು.

ಜಗಳಗಳ ವಿಷಯಕ್ಕೆ ಬಂದರೆ, ದಾರಿಯ ಬಗ್ಗೆ ಎಂದು ತೋರುವ ಜಗಳಗಳಲ್ಲಿ ಹೆಚ್ಚಿನವು ಹಸಿವಿನವು. ತಾಸುಗಟ್ಟಲೆ ತುಳಿಯುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ಹಸಿವಾದ ಮೇಲೆ ತಿನ್ನೋಣ ಎಂದು ಕಾದರೆ ಆ ವೇಳೆಗೆ ಸಿಡುಕು ಶುರುವಾಗಿರುತ್ತದೆ. ಆದ್ದರಿಂದ ಗಂಟೆಗೊಮ್ಮೆ ಏನಾದರೂ ತಿನ್ನುತ್ತೇವೆ, ತಿನ್ನುವ ಮೊದಲು ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ದಾರಿಯ ನಿರ್ಧಾರ ದಿನ ಬಿಟ್ಟು ದಿನ ಒಬ್ಬೊಬ್ಬರದು. ತಕರಾರೇನಾದರೂ ಇದ್ದರೆ ಹಿಂದಿನ ರಾತ್ರಿಯೇ ಹೇಳಬೇಕು, ದಾರಿಯ ಮಧ್ಯದಲ್ಲಿ ಹೇಳುವಂತಿಲ್ಲ. ಇದಕ್ಕೆ ಒಂದೇ ಅಪವಾದವಿದೆ: ‘ಇವತ್ತಿಗೆ ಸಾಕು’ ಎಂದು ಯಾರು ಮೊದಲು ಹೇಳಿದರೂ ಅಲ್ಲಿಗೆ ಮುಗಿಯಿತು, ಕಾರಣ ಕೇಳುವ ಹಾಗಿಲ್ಲ.

ದೇಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ನಾಯುಗಳು ಬೇಗ ಹೊಂದಿಕೊಂಡರೂ ಸ್ನಾಯುರಜ್ಜುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕಾಗುವುದರಿಂದ, ಚೈತನ್ಯವಿದ್ದ ದಿನವೂ ದೂರವನ್ನು ಮಿತಿಯಲ್ಲಿಟ್ಟು, ವಾರಕ್ಕೊಂದು ದಿನ ಸೈಕಲ್ ಮುಟ್ಟದೆ ಇದ್ದೆವು. ಮೊಣಕಾಲಿನ ಮುಂಭಾಗ ನೋಯಲು ಶುರುವಾದರೆ ಮೊದಲು ನೋಡಬೇಕಾದದ್ದು ಸೀಟು ತೀರ ತಗ್ಗಾಗಿದೆಯೇ ಎಂಬುದನ್ನು. ಪೆಡಲ್ ಕೆಳಗಿನ ತುದಿಯಲ್ಲಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟು ಕುಳಿತರೆ ಕಾಲು ನೇರವಾಗಬೇಕು. ಆರಂಭಕ್ಕೆ ಈ ಅಳತೆ ಸಾಕು.

ಹಗಲಿರುಳು ಜೊತೆಗಿರುವುದಕ್ಕೂ ಒಂದು ಕ್ರಮ ಬೇಕಾಗುತ್ತದೆ. ಸಂಜೆ ಒಬ್ಬರು ಟೆಂಟ್ ಹಾಕಿದರೆ ಇನ್ನೊಬ್ಬರು ಒಲೆ ಹಚ್ಚುತ್ತಾರೆ, ಮತ್ತು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮೇಲ್ವಿಚಾರಣೆ ಮಾಡುವುದಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಊಟವಾದ ಮೇಲೆ ಒಂದಷ್ಟು ಹೊತ್ತು ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು. ಆಗ ಮಾತಾಡದಿದ್ದರೆ ಅದು ಮುನಿಸಲ್ಲ ಎಂದು ಇಬ್ಬರಿಗೂ ಮೊದಲೇ ಗೊತ್ತಿರುವುದರಿಂದ ಯಾರೂ ಯಾರ ಮುಖವನ್ನೂ ಓದಲು ಹೋಗುವುದಿಲ್ಲ.

ಏರಿನಲ್ಲಿ ಬೇರೆ ಬೇರೆಯಾಗಿ ಸಾಗುವುದರಿಂದ ಪಂಪು, ಟ್ಯೂಬು, ಪಂಕ್ಚರ್ ಸಾಮಾನು, ಹಣ, ಫೋನು, ನಕ್ಷೆ ಇಬ್ಬರ ಬಳಿಯೂ ಇರುತ್ತವೆ, ಮತ್ತು ಪಂಕ್ಚರ್ ಹಾಕುವುದು ಇಬ್ಬರಿಗೂ ಬರುತ್ತದೆ. ಹೆಚ್ಚುವರಿ ಟಯರು, ಚಕ್ರದ ಕಡ್ಡಿಗಳು, ಚೈನು ಮಾತ್ರ ಹಂಚಿಕೊಂಡದ್ದು. ಎರಡೂ ಸೈಕಲ್ಲುಗಳ ಚಕ್ರ, ಗೇರು, ಬ್ರೇಕು ಒಂದೇ ಅಳತೆಯವಾಗಿರುವಂತೆ ಮೊದಲೇ ಆರಿಸಿದ್ದರಿಂದ ಇದು ಸಾಧ್ಯವಾಯಿತು. ಕಡ್ಡಿಗಳು ಹೆಚ್ಚಾಗಿ ಮುರಿಯುವುದು ಹಿಂಚಕ್ರದ ಬಲಬದಿಯಲ್ಲಿ, ಅಲ್ಲಿ ಹೊಸ ಕಡ್ಡಿ ತೂರಿಸಬೇಕಾದರೆ ಗೇರಿನ ಹಲ್ಲುಚಕ್ರಗಳ ಗುಚ್ಛವನ್ನು ಬಿಚ್ಚಲೇಬೇಕು. ಅದನ್ನು ಬಿಚ್ಚುವ ಸಾಧನ ಜೊತೆಗಿಲ್ಲದಿದ್ದರೆ ಕಡ್ಡಿ ಇದ್ದೂ ಪ್ರಯೋಜನವಿಲ್ಲ. ಹೊಸ ಚೈನಿನ 24 ಕೊಂಡಿಗಳು ಸರಿಯಾಗಿ 12 ಅಂಗುಲ ಬರುತ್ತವೆ. ವಿಶ್ರಾಂತಿಯ ದಿನ ಸ್ಕೇಲು ಹಿಡಿದು ಅಳೆಯುವುದು ನನ್ನ ಕೆಲಸ. ಅಳತೆ ಅಂಗುಲದ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನು ಬದಲಾಯಿಸುವ ಹೊತ್ತು ಬಂತೆಂದು ಅರ್ಥ. ತಡ ಮಾಡಿದರೆ ಹಲ್ಲುಚಕ್ರಗಳೂ ಸವೆಯುತ್ತವೆ. ಹೆಚ್ಚು ಭಾರ ಹೊರುವ ಅವರ ಸೈಕಲ್ಲಿನ ಚೈನೂ ಬ್ರೇಕ್ ಪ್ಯಾಡುಗಳೂ ನನ್ನದಕ್ಕಿಂತ ಮೊದಲೇ ಸವೆಯುವುದರಿಂದ ಚೀಲದಲ್ಲಿರುವ ಹೊಸದು ಮೊದಲು ಅವರಿಗೆ ಹೋಗುತ್ತದೆ, ಮತ್ತು ಮುಂದಿನ ಊರಿನಲ್ಲಿ ಅಂಗಡಿ ಹುಡುಕಿ ಅದರ ಜಾಗಕ್ಕೆ ಇನ್ನೊಂದನ್ನು ತಂದಿಡುವುದು ಅವರ ಜವಾಬ್ದಾರಿ.