ಕ್ಯಾರವಾನ್ ಪ್ರವಾಸಕ್ಕೆ ಹೊರಡುವ ಮುನ್ನ: ರಾತ್ರಿ ತಂಗುವ ಜಾಗದ ಆಯ್ಕೆ

ಉದ್ಯೋಗಕ್ಕಾಗಿಯೋ ವರ್ಗವಾಗಿಯೋ ದಾವಣಗೆರೆ, ಚಿತ್ರದುರ್ಗಗಳಿಗೆ ಬಂದು ನೆಲೆಸಿದ ಕುಟುಂಬಗಳು ನಮ್ಮ ಕನ್ನಡ ಸಂಘದಲ್ಲಿ ಈಚೆಗೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಬಾಡಿಗೆಗೆ ಕ್ಯಾರವಾನ್ (ಒಳಗೇ ಮಲಗುವ ಏರ್ಪಾಟಿರುವ ಗಾಡಿ) ತರಿಸಿಕೊಂಡು ಮಕ್ಕಳೊಂದಿಗೆ ಎರಡು ರಾತ್ರಿ ಹೊರಗೆ ಕಳೆಯಬೇಕೆಂದರೆ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು? ಕೆಲವು ವರ್ಷ ಅಮೆರಿಕದಲ್ಲಿದ್ದು ಮರಳಿದವರು ಅಲ್ಲಿನ ಆರ್‌ವಿ ಕ್ಯಾಂಪ್‌ಗ್ರೌಂಡ್‌ಗಳನ್ನು, ಅಂದರೆ ಇಂಥ ಗಾಡಿಗಳಿಗೆಂದೇ ಇರುವ ತಂಗುದಾಣಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ. ಅಲ್ಲಿ ಒಂದೊಂದು ಗಾಡಿಗೂ ಸಂಖ್ಯೆ ಬರೆದ ಜಾಗ, 30 ಅಥವಾ 50 ಆಂಪಿಯರ್‌ನ ವಿದ್ಯುತ್ ಸಂಪರ್ಕ, ನೀರಿನ ನಲ್ಲಿ, ಅನೇಕ ಕಡೆ ಕೊಳಚೆ ನೀರು ಹೋಗುವ ಕೊಳವೆಯೂ ಇರುತ್ತವೆ. ನಮ್ಮ ಎರಡು ಜಿಲ್ಲೆಗಳಲ್ಲಿ ಅಂಥ ಏರ್ಪಾಟನ್ನು ನಂಬಿಕೊಂಡು ಹೊರಡಬಾರದು. ಇಲ್ಲಿ ನಿಮಗೆ ಒದಗುವುದು ಯಾವುದಾದರೂ ರೆಸಾರ್ಟಿನ ಅಂಗಳ, ಪರಿಚಿತರ ಅಡಿಕೆ ತೋಟದ ಮುಂದಿನ ಬಯಲು, ಅಥವಾ ಅನುಮತಿ ಪಡೆದ ಖಾಸಗಿ ಜಮೀನು. ಆದ್ದರಿಂದ ಹಗಲಿನ ನೋಟಕ್ಕೆ ಮನಸೋತು ಜಾಗವನ್ನು ಗೊತ್ತುಮಾಡದೆ, ಅಲ್ಲಿಯ ಇರುಳು ಹೇಗಿರುತ್ತದೆಂದು ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕೆಂಬುದು ನಮ್ಮ ಸಂಘದವರು ಅನುಭವದಿಂದ ಕಲಿತ ಮಾತು.

ಕೆಲವು ಜಾಗಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕಿ. ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಸಂಜೆ ಬಾಗಿಲು ಹಾಕಿದ ಮೇಲೆ ಅಲ್ಲಿ ಉಳಿಯುವಂತಿಲ್ಲ. ಜೋಗಿಮಟ್ಟಿಯ ತಂಗಾಳಿ ಎಷ್ಟೇ ಹಿತವಾಗಿದ್ದರೂ ಅದು ಕರಡಿ, ಚಿರತೆಗಳು ಓಡಾಡುವ ಕಾಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ತಂಗುವುದಾಗಲಿ, ಬೆಂಕಿ ಹಾಕುವುದಾಗಲಿ ಕಾನೂನಿಗೆ ವಿರುದ್ಧ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಗಳಿಗೆ ಹೆಸರಾದ ವನ್ಯಜೀವಿಧಾಮ. ಇವನ್ನೆಲ್ಲ ಹಗಲಿನಲ್ಲಿ ಕಣ್ತುಂಬ ನೋಡಿ, ಹೊತ್ತು ಮುಳುಗುವ ಮೊದಲೇ ಹೊರಬನ್ನಿ.

ಹೊಸಬರು ಸಾಮಾನ್ಯವಾಗಿ ನೀರಿನ ದಂಡೆಯನ್ನೇ ಬಯಸುತ್ತಾರೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ, ಅಂದರೆ ಹಳಬರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಷ್ಟೋ ವರ್ಷ ಒಣಗಿಯೇ ಇದ್ದ ಹಿನ್ನೀರಿನ ನೆಲ ಆಗ ನೀರಿನಡಿ ಹೋಯಿತು. ಹಿನ್ನೀರಿನ ಅಂಚಿನಲ್ಲಿ ಮಟ್ಟಸವಾದ ಬಯಲು ಕಂಡರೆ ಅದು ಕೆರೆಯಂಗಳವೇ ಎಂದು ತಿಳಿಯಿರಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ದಂಡೆಗೂ ಇದೇ ಮಾತು. ಚಿಕ್ಕ ಮಕ್ಕಳಿರುವ ಕುಟುಂಬ ನೀರಿನ ಅಂಚಿನಿಂದ ದೂರವಿದ್ದಷ್ಟೂ ತಾಯಂದಿರಿಗೆ ನಿದ್ದೆ ಬರುತ್ತದೆ. ಕೆರೆಯ ಏರಿಯ ಮೇಲಂತೂ ಗಾಡಿಯನ್ನು ಎಂದಿಗೂ ನಿಲ್ಲಿಸಬೇಡಿ.

ನೆಲದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೊರಗಿನಿಂದ ಬಂದವರಿಗೆ ನಮ್ಮ ಕಡೆಯ ಎರೆಮಣ್ಣಿನ ಗುಣ ಗೊತ್ತಿರುವುದಿಲ್ಲ. ಇದನ್ನು ಬರೆಯುತ್ತಿರುವ ನನ್ನ ಕುಟುಂಬವೇ ಒಮ್ಮೆ ಹಿರಿಯೂರು ಕಡೆಯ ಪರಿಚಿತರೊಬ್ಬರ ಹೊಲದ ಬದುವಿನ ಪಕ್ಕ ಗಾಡಿ ನಿಲ್ಲಿಸಿತ್ತು. ಸಂಜೆ ನೆಲ ಕಲ್ಲಿನಷ್ಟು ಗಟ್ಟಿಯಾಗಿತ್ತು. ನಡುರಾತ್ರಿ ಒಂದು ಗಂಟೆಯ ಕಾಲ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಹಿಂದಿನ ಚಕ್ರಗಳು ಅರ್ಧಕ್ಕೆ ಹೂತುಹೋಗಿದ್ದವು; ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನಷ್ಟು ಇಳಿದವು. ಚಪ್ಪಲಿಗೆ ಮೆತ್ತಿಕೊಂಡ ಮಣ್ಣಿನಿಂದ ಒಂದೊಂದು ಹೆಜ್ಜೆ ಎತ್ತಿಡುವುದೂ ಕಷ್ಟವಾಯಿತು. ಟ್ರ್ಯಾಕ್ಟರ್ ಬಂದು ಎಳೆಯುವಾಗ ಆಗತಾನೆ ಮೊಳೆತಿದ್ದ ಸೂರ್ಯಕಾಂತಿಯ ನಾಲ್ಕು ಸಾಲು ಅದರ ಜಾಡಿನಲ್ಲಿ ನೆಲಕ್ಕೆ ಹತ್ತಿಹೋದವು. ಹೊಲದ ಯಜಮಾನರು ಒಂದು ಮಾತೂ ಆಡದೆ ನಮಗೆಲ್ಲ ಚಹಾ ತರಿಸಿದರು. ನಷ್ಟ ಕಟ್ಟಿಕೊಡುತ್ತೇವೆಂದರೂ ಅವರು ಒಪ್ಪಲಿಲ್ಲ. ಆ ಸಾಲುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನೆಲವನ್ನು ಪರೀಕ್ಷಿಸುವುದು ಕಷ್ಟವಲ್ಲ. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಹೊಸೆಯಿರಿ. ಚಕ್ಕುಲಿಯ ಎಳೆಯಂತೆ ಉದ್ದಕ್ಕೆ ಬಂದರೆ ಅದು ಎರೆ. ಪುಡಿಯಾಗಿ ಉದುರಿದರೆ ಮಸಾರಿ ಅಥವಾ ಗರಸು ನೆಲ, ಗಾಡಿಗೆ ಅದೇ ಒಳ್ಳೆಯದು. ಬೇಸಿಗೆಯಲ್ಲಿ ನೆಲ ಬೆರಳು ಹೋಗುವಷ್ಟು ಬಿರುಕು ಬಿಟ್ಟಿದ್ದರೆ ಅದು ಎರೆಯೇ, ಇನ್ನಾವ ಪರೀಕ್ಷೆಯೂ ಬೇಡ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದು ರೈತರ ಕಣ: ಗಟ್ಟಿಯಾಗಿ, ಮಟ್ಟಸವಾಗಿ, ನೀರು ನಿಲ್ಲದಂತೆ ಇರುತ್ತದೆ. ಆದರೆ ಸುಗ್ಗಿಯ ಕಾಲದಲ್ಲಿ, ಮೆಕ್ಕೆಜೋಳ ಒಣಹಾಕುವ ದಿನಗಳಲ್ಲಿ ಅದನ್ನು ಕೇಳಲೇಬಾರದು. ಉಳಿದ ಕಾಲದಲ್ಲೂ ಯಜಮಾನರ ಒಪ್ಪಿಗೆಯಿಲ್ಲದೆ ಕಣದೊಳಗೆ ಚಕ್ರ ಇಳಿಸಬೇಡಿ, ಏಕೆಂದರೆ ಅವರು ರಾಶಿಪೂಜೆ ಮಾಡುವ ಜಾಗವದು.

ವಿದ್ಯುತ್ತಿನ ವಿಷಯದಲ್ಲಿ ಒಂದು ತಪ್ಪನ್ನು ಹಲವರು ತಿಳಿಯದೆ ಮಾಡುತ್ತಾರೆ. ತೋಟದಲ್ಲಿ ಪಂಪ್‌ಸೆಟ್ ಮನೆ ಕಂಡೊಡನೆ ಅಲ್ಲಿಂದ ತಂತಿ ಎಳೆಯುತ್ತಾರೆ. ಅದು ಮೂರು ಫೇಸಿನ ಸಂಪರ್ಕ. ಎರಡು ಫೇಸುಗಳ ನಡುವೆ 400 ವೋಲ್ಟ್ ದಾಟುತ್ತದೆ, ತಪ್ಪಾಗಿ ಜೋಡಿಸಿದರೆ ಗಾಡಿಯ ಉಪಕರಣಗಳೆಲ್ಲ ಸುಡುತ್ತವೆ, ಜೀವಕ್ಕೂ ಅಪಾಯ. ಅದಲ್ಲದೆ ಕೃಷಿಗೆಂದು ಕೊಟ್ಟ ವಿದ್ಯುತ್ತನ್ನು ಬೇರೆ ಕೆಲಸಕ್ಕೆ ಬಳಸುವುದು ನಿಯಮಬಾಹಿರ, ಅದರ ದಂಡ ಬೀಳುವುದು ನಿಮಗೆ ಜಾಗ ಕೊಟ್ಟ ರೈತರಿಗೆ. ಮನೆಯ 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇದ್ದರೆ ಮಾತ್ರ ಎ.ಸಿ. ಹಾಕಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟರೆ ಬಿಸಿಯೇರಿ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಸಿ.

ಕುಡಿಯುವ ನೀರನ್ನು ಕೊಳವೆಬಾವಿಯಿಂದ ನೇರವಾಗಿ ತುಂಬಿಸಿಕೊಳ್ಳಬೇಡಿ. ಚಿತ್ರದುರ್ಗ ಜಿಲ್ಲೆಯಲ್ಲೂ ಜಗಳೂರಿನ ಕಡೆಯೂ ಅನೇಕ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಹಲ್ಲಿಗೂ ಮೂಳೆಗೂ ಹಾನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಗಾಢವಾಗುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಅಲ್ಲಿಂದ ತನ್ನಿ. ಪಾತ್ರೆ ತೊಳೆದ ನೀರನ್ನು ತೋಟದವರು ತೋರಿಸಿದ ಪಾತಿಗೆ ಬಿಡಬಹುದು. ಶೌಚದ ತೊಟ್ಟಿಯನ್ನು ಮಾತ್ರ ಎಲ್ಲಿ ಖಾಲಿ ಮಾಡುವುದೆಂದು ಜಾಗ ಗೊತ್ತುಮಾಡುವಾಗಲೇ ಕೇಳಿ. ಮಾರಿಕಣಿವೆಯ ನೀರು ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಜನ ಕುಡಿಯುವ ನೀರು. ಹಳ್ಳಕ್ಕೋ ಕಾಲುವೆಗೋ ಬಿಟ್ಟದ್ದು ಯಾರದೋ ಕೊಡಕ್ಕೆ ಸೇರುತ್ತದೆ.

ಕಾಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಗಾಡಿಯೊಳಗೆ ಮಕ್ಕಳು ಬೇಯುತ್ತಾರೆ. ಆಷಾಢದ ಗಾಳಿ ಎಂಥದೆಂದು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಹೇಳುತ್ತವೆ. ಆಗ ಗಾಡಿಯ ಪಕ್ಕದ ಚಪ್ಪರ ಬಿಚ್ಚಬೇಡಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹಿತ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ಸಮಯಕ್ಕೆ ಚಳ್ಳಕೆರೆಯ ಕಡೆ ಹೋಗುವುದಾದರೆ ತೇರು ನೋಡಲೆಂದೇ ಹೋಗಿ, ದೊಡ್ಡ ಗಾಡಿಯನ್ನು ಬಿಟ್ಟು ಹೋಗಿ.

ಇಷ್ಟೆಲ್ಲ ಹೊಂದಿದ ಜಾಗ ಸಿಕ್ಕಿದ ಮೇಲೂ ಮುಂಗಡ ಕೊಡುವ ಮೊದಲು ಒಂದು ಸಂಜೆ ದಂಪತಿಗಳಿಬ್ಬರೂ ಅಲ್ಲಿಗೆ ಹೋಗಿ ಬನ್ನಿ. ಏಳು ಗಂಟೆಯ ಮೇಲೆ, ದೀಪವಾರಿಸಿ, ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಹೆದ್ದಾರಿಯ ಲಾರಿಗಳ ಸದ್ದು ಎಷ್ಟು ಕೇಳುತ್ತದೆ, ನಾಯಿಗಳು ಯಾವ ಕಡೆಯಿಂದ ಬರುತ್ತವೆ, ಮೊಬೈಲಿಗೆ ಸಿಗ್ನಲ್ ಇದೆಯೇ ಎಂಬುದು ಆಗ ತಿಳಿಯುತ್ತದೆ. ಬಳಿಕ ಟಾರ್ಚ್ ಹಿಡಿದು ಗಾಡಿ ನಿಲ್ಲುವ ಜಾಗದಿಂದ ಶೌಚಾಲಯದವರೆಗೆ ನಡೆದು ನೋಡಿ. ಆ ದಾರಿಯಲ್ಲಿ ನಡುರಾತ್ರಿ ಮಗಳನ್ನು ಕರೆದುಕೊಂಡು ಹೋಗಲು ತಾಯಿಗೆ ಧೈರ್ಯ ಬಾರದಿದ್ದರೆ ಬೇರೆ ಜಾಗ ಹುಡುಕಿ.