ಕನ್ನಡ ಟೈಪಿಂಗ್ ಸಮೇತ ನಿಮ್ದೇ ಲೈವ್ ಲಿನಕ್ಸ್ ಡಿಸ್ಕ್ ಮಾಡ್ಕೊಳ್ಳೋದು ಹೇಗೆ

ಲೈವ್ ಲಿನಕ್ಸ್, ಅಂದ್ರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್ ಅಥವಾ ಡಿವಿಡಿಯಿಂದಲೇ ಓಡೋ ಲಿನಕ್ಸ್, ಇಟ್ಕೊಂಡಿರೋರಿಗೆಲ್ಲ ಈ ತಲೆನೋವು ಗೊತ್ತು. ಬೂಟ್ ಮಾಡಿ, ಕನ್ನಡ ಕೀಬೋರ್ಡ್ ಹಾಕಿ, ಬೇಕಾದ ಸಾಫ್ಟ್‌ವೇರ್ ಹಾಕ್ಕೊಂಡು ಕೆಲಸ ಶುರು ಮಾಡ್ತೀರ, ರೀಸ್ಟಾರ್ಟ್ ಆದ್ರೆ ಎಲ್ಲಾ ಮಾಯ, ಯಾಕಂದ್ರೆ ನೀವು ಮಾಡಿದ್ದೆಲ್ಲ ರ‍್ಯಾಮ್‌ನಲ್ಲಿ ಮಾತ್ರ ಇತ್ತು. ಒಂದೇ ಪೆನ್‌ಡ್ರೈವ್ ಆದ್ರೆ ಪರ್ಸಿಸ್ಟೆನ್ಸ್ (ಮಾಡಿದ ಬದಲಾವಣೆನ ಡ್ರೈವ್‌ನಲ್ಲೇ ಉಳಿಸೋ ವ್ಯವಸ್ಥೆ) ಇಟ್ಕೊಂಡ್ರೆ ಸಾಕು. ಆದ್ರೆ ಶಾಲೆಯ ಲ್ಯಾಬ್‌ಗೋ ಲೈಬ್ರರಿಗೋ ಹತ್ತಾರು ಕಾಪಿ ಕೊಡ್ಬೇಕು ಅಂದ್ರೆ ಐಎಸ್ಒ ಫೈಲನ್ನೇ (ಇಡೀ ಡಿಸ್ಕನ್ನ ಒಂದೇ ಫೈಲಾಗಿ ಇಟ್ಟಿರೋದು) ಬದಲಾಯಿಸೋದು ಒಳ್ಳೇದು.

ಮಿಂಟ್ ಅಥವಾ ಉಬುಂಟು ಐಎಸ್ಒ ತೆಗೆದು ನೋಡಿದ್ರೆ ಕ್ಯಾಸ್ಪರ್ ಅಂತ ಒಂದು ಫೋಲ್ಡರ್ ಇರುತ್ತೆ, ಅದರೊಳಗೆ ಸ್ಕ್ವಾಶ್ಎಫ್ಎಸ್ ಅನ್ನೋ ಕಂಪ್ರೆಸ್ ಆದ ಫೈಲಲ್ಲಿ ಇಡೀ ಸಿಸ್ಟಮ್ ಕೂತಿರುತ್ತೆ. ನಾವು ಮಾಡೋದು ಇಷ್ಟೇ, ಅದನ್ನ ಬಿಚ್ಚಿ, ಒಳಗೆ ಹೋಗಿ ಬೇಕಾದ್ದು ಹಾಕಿ, ಬೇಡದ್ದು ತೆಗೆದು, ಮತ್ತೆ ಪ್ಯಾಕ್ ಮಾಡೋದು. ಇದನ್ನೆಲ್ಲ ಕೈಯಾರೆ ಮಾಡ್ಬೋದು, ಆದ್ರೆ ಹೊಸಬರಿಗೆ ನನ್ನ ಸಲಹೆ ಕ್ಯೂಬಿಕ್ ಅನ್ನೋ ಪ್ರೋಗ್ರಾಮ್. ಮೂಲ ಐಎಸ್ಒ ಆಗಿ ಲಿನಕ್ಸ್ ಮಿಂಟ್ ತಗೊಳ್ಳಿ, ಉಬುಂಟುನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಉಬುಂಟುವಿನದೇ ಬೇರೆ ಥರದ ಪ್ಯಾಕೇಜ್) ಆಗಿ ಬರುತ್ತೆ, ಸ್ನ್ಯಾಪ್‌ಗಳು ಈ ಕೆಲಸದಲ್ಲಿ ತುಂಬಾ ಕಾಟ ಕೊಡ್ತವೆ.

ಹಾರ್ಡ್‌ಡಿಸ್ಕ್‌ನಲ್ಲಿ 25 ಜಿಬಿ ಖಾಲಿ ಇಟ್ಕೊಳ್ಳಿ. ಕ್ಯೂಬಿಕ್ ಓಪನ್ ಮಾಡಿ ಪ್ರಾಜೆಕ್ಟ್‌ಗೆ ಒಂದು ಖಾಲಿ ಫೋಲ್ಡರ್ ತೋರ್ಸಿ, ಐಎಸ್ಒ ಆಯ್ಕೆ ಮಾಡಿ, ನೆಕ್ಸ್ಟ್ ಒತ್ತಿ. ಅದು ಎಲ್ಲಾ ಬಿಚ್ಚಿ ಒಂದು ಟರ್ಮಿನಲ್ ಕೊಡುತ್ತೆ. ಅಲ್ಲಿ ನೀವು ಆ ಹೊಸ ಸಿಸ್ಟಮ್ಮಿನ ಒಳಗೇ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಇರ್ತೀರ, ಕಮಾಂಡ್ ಮುಂದೆ ಸುಡೋ ಬೇಕಿಲ್ಲ. ಮೊದಲು ಆಪ್ಟ್ ಅಪ್‌ಡೇಟ್ ಕೊಡಿ, ಆಮೇಲೆ ಆಪ್ಟ್ ಇನ್‌ಸ್ಟಾಲ್‌ನಿಂದ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಪ್ಯಾಕೇಜ್ ಹಾಕಿ, ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ಇದರಲ್ಲೇ ಬರುತ್ತೆ. ಗುಬ್ಬಿ, ನವಿಲು ಫಾಂಟ್ ಬೇಕಿದ್ರೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ. ಇಲ್ಲಿ ಸಿಸ್ಟಮ್ ನಿಜವಾಗಿ ಓಡ್ತಾ ಇರಲ್ಲ, ಹಾಗಾಗಿ ಸರ್ವೀಸ್ ಸ್ಟಾರ್ಟ್ ಮಾಡೋ ಕಮಾಂಡ್‌ಗಳು ಕೆಲಸ ಮಾಡಲ್ಲ, ಅದಕ್ಕೆ ಗಾಬರಿಯಾಗ್ಬೇಡಿ.

ಹೆಚ್ಚಿನವರು ಸಿಕ್ಕಿಹಾಕ್ಕೊಳ್ಳೋದು ಸೆಟ್ಟಿಂಗ್ಸ್ ವಿಷಯದಲ್ಲಿ. ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಕನ್ನಡ ಕೀಬೋರ್ಡ್ ತಾನಾಗೇ ಆನ್ ಆಗಲ್ಲ. ಲೈವ್ ಯೂಸರ್‌ನ ಹೋಮ್ ಫೋಲ್ಡರ್ ಪ್ರತಿ ಸಲ ಬೂಟ್ ಆದಾಗ ಹೊಸದಾಗಿ ಹುಟ್ಟುತ್ತೆ, ಅದಕ್ಕೆ ಅಚ್ಚು ಅಂದ್ರೆ ಈಟಿಸಿ ಒಳಗಿರೋ ಸ್ಕೆಲ್ ಫೋಲ್ಡರ್. ಸುಲಭದ ದಾರಿ ಏನಂದ್ರೆ, ಅದೇ ಮಿಂಟನ್ನ ಲೈವ್ ಆಗಿ ಬೂಟ್ ಮಾಡಿ, ಅಲ್ಲೂ ಐಬಸ್-ಎಂ17ಎನ್ ಹಾಕಿ, ಕೀಬೋರ್ಡ್, ಪ್ಯಾನಲ್, ಅಕ್ಷರದ ಸೈಜ್ ಎಲ್ಲಾ ಮನಸ್ಸಿಗೆ ಬಂದ ಹಾಗೆ ಮಾಡ್ಕೊಂಡು, ಹೋಮ್‌ನಲ್ಲಿ ಡಾಟ್ ಇಂದ ಶುರುವಾಗೋ ಎಕ್ಸ್‌ಇನ್‌ಪುಟ್‌ಆರ್‌ಸಿ ಫೈಲು ಮತ್ತು ಡಾಟ್ ಕಾನ್ಫಿಗ್ ಒಳಗಿನ ಡಿಕಾನ್ಫ್ ಫೋಲ್ಡರ್ ಇವೆರಡನ್ನ ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ಕ್ಯೂಬಿಕ್‌ನಲ್ಲಿ ಸ್ಕೆಲ್ ಒಳಗೆ ಅದೇ ಜಾಗದಲ್ಲಿ ಹಾಕೋದು. ಇಡೀ ಹೋಮ್ ಮಾತ್ರ ಕಾಪಿ ಮಾಡ್ಬೇಡಿ, ಬ್ರೌಸರ್ ಹಿಸ್ಟರಿ ಪಾಸ್‌ವರ್ಡ್ ಎಲ್ಲಾ ಜೊತೆಗೆ ಹೋಗುತ್ತೆ.

ಬೇಡದ ಪ್ಯಾಕೇಜ್ ತೆಗೀರಿ, ಕೊನೆಗೆ ಆಪ್ಟ್ ಕ್ಲೀನ್ ಕೊಡಿ. ಸುಮ್ನೆ ಇರಲಿ ಅಂತ ತುಂಬ್ತಾ ಹೋಗ್ಬೇಡಿ. ಸಿಂಗಲ್ ಲೇಯರ್ ಡಿವಿಡಿ 4.7 ಜಿಬಿ ಅಷ್ಟೇ, ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ದಾಟಿದ ಒಂದೇ ಫೈಲ್ ಕೂರಲ್ಲ. ಕಂಪ್ರೆಷನ್ ಕೇಳಿದಾಗ ಟ್ರಯಲ್‌ಗೆ ಜಿಜಿಪ್ ಕೊಡಿ, ಬೇಗ ಮುಗಿಯುತ್ತೆ, ಫೈನಲ್‌ಗೆ ಎಕ್ಸ್‌ಝಡ್ ಕೊಟ್ರೆ ಸೈಜ್ ಇಳಿಯುತ್ತೆ ಆದ್ರೆ ತುಂಬಾ ಹೊತ್ತು ತಗೊಳ್ಳುತ್ತೆ.

ಐಎಸ್ಒ ರೆಡಿ ಆದ್ಮೇಲೆ ಅಲ್ಲೇ ಟೆಸ್ಟ್ ಬಟನ್ ಇದೆ, ವರ್ಚುವಲ್ ಮಷೀನ್‌ನಲ್ಲಿ ಬೂಟ್ ಆಗುತ್ತೆ. ವೈಫೈ, ಗ್ರಾಫಿಕ್ಸ್ ಸಮಸ್ಯೆ ಅದರಲ್ಲಿ ಕಾಣಲ್ಲ, ಹಾಗಾಗಿ ವೆಂಟಾಯ್ (ಐಎಸ್ಒ ಕಾಪಿ ಮಾಡಿದ್ರೆ ಸಾಕು, ಅದರಿಂದಲೇ ಬೂಟ್ ಮಾಡ್ಸೋ ಸಾಫ್ಟ್‌ವೇರ್) ಹಾಕಿದ ಪೆನ್‌ಡ್ರೈವ್‌ಗೆ ಐಎಸ್ಒ ಕಾಪಿ ಮಾಡಿ ಲ್ಯಾಬ್‌ನಲ್ಲಿರೋ ತೀರಾ ಹಳೇ ಕಂಪ್ಯೂಟರ್‌ನಲ್ಲೇ ಓಡ್ಸಿ ನೋಡಿ. ಏನಾದ್ರೂ ಕೊರತೆ ಕಂಡ್ರೆ ಪ್ರಾಜೆಕ್ಟ್ ಫೋಲ್ಡರ್ ಹಾಗೇ ಇರುತ್ತೆ, ಕ್ಯೂಬಿಕ್‌ನಲ್ಲಿ ಅದನ್ನೇ ತೆಗೆದು ಡ್ರೈವರ್ ಸೇರ್ಸಿ ಮತ್ತೆ ಐಎಸ್ಒ ಮಾಡಿ, ಮೊದಲಿಂದ ಶುರು ಮಾಡೋ ಅಗತ್ಯ ಇಲ್ಲ.