ಬೇರೆಯವರ ಬಾಯಿಗೆ ಮಾತು ಬರೆಯುವಾಗ: ಲೀಸಿಯಾಸನಿಂದ ಕಲಿತದ್ದು

ಊರಿನವರಿಗೆ ಭಾಷಣ ಬರೆದುಕೊಡುವುದು ನನಗೆ ಅಂಟಿಕೊಂಡಿರುವ ಕೆಲಸ. ಗ್ರಾಮಸಭೆಯಲ್ಲಿ ಅಹವಾಲು ಹೇಳಬೇಕಾದವರು ಬರುತ್ತಾರೆ, ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಬೇಕಾದ ಮೇಷ್ಟರು ಬರುತ್ತಾರೆ. ಈ ಕೆಲಸದಲ್ಲಿ ನನ್ನ ಗುರು ಸುಮಾರು 2,400 ವರ್ಷಗಳ ಹಿಂದೆ ಅಥೆನ್ಸಿನಲ್ಲಿದ್ದ ಲೀಸಿಯಾಸ್. ಗ್ರೀಕ್ ವಾಗ್ಮಿ ಎಂದರೆ ಬಾಯಲ್ಲಿ ಕಲ್ಲಿಟ್ಟುಕೊಂಡು ಅಭ್ಯಾಸ ಮಾಡಿದ ಡೆಮಾಸ್ತನೀಸನೇ ಎಲ್ಲರಿಗೂ ನೆನಪಾಗುವುದು. ಆದರೆ ಮೊದಲ ಸಲ ಮೈಕು ಹಿಡಿಯುವವರಿಗೆ ಲೀಸಿಯಾಸನೇ ಹೆಚ್ಚು ಒದಗುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ.

ಅಥೆನ್ಸಿನ ನ್ಯಾಯಾಲಯದಲ್ಲಿ ಇಂದಿನಂತೆ ವಕೀಲರಿರಲಿಲ್ಲ. ರೈತನಿರಲಿ, ವ್ಯಾಪಾರಿಯಿರಲಿ, ತನ್ನ ವಾದವನ್ನು ತಾನೇ ಮಂಡಿಸಬೇಕು, ಅದೂ ನೂರಾರು ತೀರ್ಪುಗಾರರ ಎದುರು. ಮಾತು ಬಾರದವರು ಬರೆಸಿಕೊಂಡು, ಕಲಿತು, ಒಪ್ಪಿಸುತ್ತಿದ್ದರು. ಲೀಸಿಯಾಸ್ ಹಾಗೆ ಬರೆದುಕೊಡುತ್ತಿದ್ದವನು. ತಂದೆ ಸಿಸಿಲಿಯ ಸಿರಾಕ್ಯೂಸ್ ನಗರದಿಂದ ಬಂದು ನೆಲೆಸಿದವನಾದ್ದರಿಂದ ಇವನಿಗೆ ಪೌರತ್ವವಿರಲಿಲ್ಲ. ಮನೆತನಕ್ಕೆ ಗುರಾಣಿ ಮಾಡುವ ದೊಡ್ಡ ಕಾರ್ಖಾನೆಯಿತ್ತು. ಕ್ರಿ.ಪೂ. 404ರಲ್ಲಿ ಅಧಿಕಾರ ಹಿಡಿದ ಮೂವತ್ತು ಮಂದಿಯ ಕೂಟ ಆಸ್ತಿ ಕಿತ್ತುಕೊಂಡು ಅಣ್ಣ ಪೊಲೆಮಾರ್ಕಸ್‌ನನ್ನು ಕೊಂದಿತು. ಬೇರೆಯವರಿಗೆ ಮಾತು ಬರೆಯುವುದು ಆಮೇಲೆ ಇವನ ಕಸುಬಾಯಿತು.

ನಾನು ಮತ್ತೆ ಮತ್ತೆ ಓದುವುದು ಯೂಫಿಲೆಟಸ್ ಎಂಬ ಗೃಹಸ್ಥನಿಗಾಗಿ ಅವನು ಬರೆದ ಭಾಷಣವನ್ನು. ಹೆಂಡತಿಯ ಜತೆ ಸಿಕ್ಕಿಬಿದ್ದ ಎರಟಾಸ್ತನೀಸ್ ಎಂಬವನನ್ನು ಈತ ಕೊಂದಿದ್ದಾನೆ. ಮೊದಲೇ ಸಂಚು ಹೂಡಿದ್ದ ಎಂಬುದು ಎದುರಾಳಿಗಳ ಆರೋಪ. ಕಾನೂನಿನ ಮಾತು ಆಮೇಲೆ, ಭಾಷಣ ಮೊದಲು ಮನೆಯ ವಿಷಯಕ್ಕೆ ಬಂದುಬಿಡುತ್ತದೆ. ಪುಟ್ಟ ಮನೆ, ಎರಡು ಅಂತಸ್ತು. ಮಗು ಹುಟ್ಟಿದ ಮೇಲೆ, ಅದನ್ನು ತೊಳೆಯಲು ಹೆಂಡತಿ ಮೆಟ್ಟಿಲಿಳಿಯುವುದು ಅಪಾಯವೆಂದು ಇವನು ಮಹಡಿಗೆ ಹೋದ, ಹೆಂಗಸರು ಕೆಳಗೆ ಉಳಿದರು. ಒಂದು ರಾತ್ರಿ ಬಾಗಿಲು ಕಿರುಗುಟ್ಟಿತು. ಬೆಳಿಗ್ಗೆ ಕೇಳಿದರೆ, ಮಗುವಿನ ಬಳಿಯ ದೀಪ ಆರಿತ್ತು, ಪಕ್ಕದ ಮನೆಯಿಂದ ಹೊತ್ತಿಸಿ ತಂದೆ ಎಂದಳು. ಅವಳ ಸೋದರ ತೀರಿಕೊಂಡು ಮೂವತ್ತು ದಿನವಾಗಿರಲಿಲ್ಲ, ಅಷ್ಟರಲ್ಲೇ ಮುಖಕ್ಕೆ ಅಲಂಕಾರದ ಬಿಳಿ ಬಳಿದಂತಿತ್ತು. ಆದರೂ ಇವನು ಏನೂ ಅನ್ನದೆ ಹೊರಟುಹೋದ.

ಇಷ್ಟು ಕೇಳಿದವರಿಗೆ, ಈತ ಸಂಚು ಹೂಡುವ ಆಸಾಮಿಯಲ್ಲ ಎಂದು ತಾನಾಗಿ ಅನ್ನಿಸುತ್ತದೆ. ‘ನಾನು ಸರಳ ಮನುಷ್ಯ’ ಎಂದು ಸಾರಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಮಾತಾಡುವವನ ಸ್ವಭಾವದ ಮೇಲೆ ಹುಟ್ಟುವ ನಂಬಿಕೆ ಮಾತಿನಿಂದಲೇ ಹುಟ್ಟಬೇಕು, ಅವನ ಹಳೆಯ ಹೆಸರಿನಿಂದಲ್ಲ ಎಂದು ಅರಿಸ್ಟಾಟಲ್ ಆಮೇಲೆ ಬರೆದ. ಲೀಸಿಯಾಸ್ ಅದನ್ನು ಬಾಗಿಲ ಸದ್ದಿನಲ್ಲೇ ಸಾಧಿಸಿದ್ದ. (ತೀರ್ಪು ಏನಾಯಿತೆಂಬ ದಾಖಲೆ ಉಳಿದಿಲ್ಲ. ಕೊಲೆ ಕೊಲೆಯೇ, ನನಗೆ ಬೇಕಾದದ್ದು ಲೀಸಿಯಾಸನ ಕಸುಬು ಮಾತ್ರ.)

ಹಾಗಾಗಿ ನಾನು ಪೆನ್ನು ಹಿಡಿಯುವ ಮೊದಲು ಕೇಳುತ್ತಾ ಕೂರುತ್ತೇನೆ. ಹಳ್ಳಕ್ಕೆ ಕಾಲುಸಂಕ ಬೇಕೆಂದು ಗ್ರಾಮಸಭೆಯಲ್ಲಿ ಹೇಳಲು ಒಬ್ಬ ತಾಯಿ ಬಂದಿದ್ದರು. ‘ಮೂಲಸೌಕರ್ಯ, ಗ್ರಾಮೀಣ ಅಭಿವೃದ್ಧಿ ಎಲ್ಲ ಸೇರಿಸಿ ಬರೆದುಕೊಡಿ ಸರ್’ ಅಂದರು.

‘ಅದಿರಲಿ ಅಕ್ಕಾ, ಮಳೆಗಾಲದಲ್ಲಿ ನಿಮ್ಮನೆ ಬೆಳಗು ಹೇಗಿರ್ತದೆ ಹೇಳಿ’ ಅಂದೆ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ‘ನೀರು ಕೆಂಪಾದ್ರೆ ಮಗಳನ್ನ ಕಳಿಸೋದಿಲ್ಲ. ಕಳಿಸಿದ ದಿನ, ಆಚೆ ದಡದಲ್ಲಿ ಕೊಡೆ ಬಿಚ್ಚೋವರೆಗೂ ನಾನು ಒಳಗೆ ಬರೋದಿಲ್ಲ.’ ಭಾಷಣ ಸಿಕ್ಕಿಬಿಟ್ಟಿತು. ಈ ಎರಡು ವಾಕ್ಯ ಅವರ ಬಾಯಿಂದ ಬಂದ ಹಾಗೆಯೇ ಮೊದಲಿಗೆ ಬಂದವು. ಅದರ ಬೆನ್ನಿಗೆ ಹಳ್ಳದಾಚೆಯ ಮನೆಗಳ ಲೆಕ್ಕ, ಹಿಂದೆ ಕೊಟ್ಟ ಅರ್ಜಿಯ ತಾರೀಕು. ‘ಅಭಿವೃದ್ಧಿ’ ಎಲ್ಲೂ ಬರಲಿಲ್ಲ, ಅವರ ದಿನದ ಮಾತಿನಲ್ಲಿ ಅದು ಇರಲಿಲ್ಲವಲ್ಲ.

ಮುಗಿಸುವುದು ಹೇಗೆಂಬುದಕ್ಕೂ ಲೀಸಿಯಾಸನೇ ಆಧಾರ. ಅಣ್ಣನ ಸಾವಿಗಾಗಿ ಮೂವತ್ತು ಮಂದಿಯಲ್ಲೊಬ್ಬನ ಮೇಲೆ ಹೊರಿಸಿದ ಆರೋಪದ ಭಾಷಣವನ್ನು (ಆ ಆರೋಪಿಯ ಹೆಸರೂ ಎರಟಾಸ್ತನೀಸ್, ಬೇರೆಯವನು) ಅವನು ನಿಲ್ಲಿಸುವುದು ಹೀಗೆ: ಕೇಳಿದ್ದೀರಿ, ನೋಡಿದ್ದೀರಿ, ಅನುಭವಿಸಿದ್ದೀರಿ, ಅವನು ನಿಮ್ಮ ಕೈಯಲ್ಲಿದ್ದಾನೆ, ತೀರ್ಪು ಕೊಡಿ. ಕೊನೆಯ ಮಾತುಗಳ ನಡುವೆ ‘ಮತ್ತು’, ‘ಆದ್ದರಿಂದ’ ಇರಬಾರದೆಂದು ಅರಿಸ್ಟಾಟಲನೂ ಹೇಳುತ್ತಾನೆ. ಆ ತಾಯಿಯ ಮಾತೂ ‘ಹಳ್ಳ ನೋಡಿದ್ದೀರಿ, ಅರ್ಜಿ ನಿಮ್ಮ ಹತ್ರ ಇದೆ, ಸಂಕ ಹಾಕಿಸಿಕೊಡಿ’ ಎಂದು ನಿಂತಿತು.

ಸಮಯದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಥೆನ್ಸಿನ ನ್ಯಾಯಾಲಯದಲ್ಲಿ ಮಾತಿನ ಅವಧಿಯನ್ನು ನೀರು ಸೋರಿಹೋಗುವ ಗಡಿಗೆ ಅಳೆಯುತ್ತಿತ್ತು. ಆ ಊರಿನ ಹಳೆಯ ಪೇಟೆಬಯಲು ಅಗೋರಾದ ಉತ್ಖನನದಲ್ಲಿ ಸಿಕ್ಕ ಒಂದು ಗಡಿಗೆ ಬರಿದಾಗಲು ಸುಮಾರು 6 ನಿಮಿಷ ಸಾಕು. ಗ್ರಾಮಸಭೆಯಲ್ಲಿ ಅಷ್ಟೂ ಸಿಗುವುದಿಲ್ಲ, ಮೂರು ನಿಮಿಷಕ್ಕೆ ಇಳಿಸುತ್ತೇನೆ.

ಬರೆದದ್ದನ್ನು ಉರು ಹೊಡೆಯಲು ಮಾತ್ರ ಬಿಡುವುದಿಲ್ಲ. ಗೋರ್ಗಿಯಾಸ್ ಎಂಬ ಗ್ರೀಕ್ ಭಾಷಣ ಗುರುವಿನ ಶಿಷ್ಯನಾದ ಆಲ್ಕಿಡಮಾಸ್, ಮೊದಲೇ ಬರೆದಿಟ್ಟ ಭಾಷಣಗಳನ್ನೇ ಖಂಡಿಸುತ್ತಿದ್ದ. ನ್ಯಾಯಾಲಯಕ್ಕೆ ಬರೆಯುವವರು ಕೂಡ ಆಗಿಂದಾಗ ಆಡಿದ ಮಾತಿನಂತೆ ಕಾಣಿಸಲು ಹೆಣಗುತ್ತಾರೆ ಎಂಬುದು ಅವನ ವಾದಗಳಲ್ಲೊಂದು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾಗದವನ್ನು ಎರಡು ಸಲ ಓದಿಸಿ, ಮಡಿಚಿಡಲು ಹೇಳಿ, ‘ಈಗ ನಿಮ್ಮ ಪಾಡಿಗೆ ಹೇಳಿ ಅಕ್ಕಾ’ ಎನ್ನುತ್ತೇನೆ. ಅವರು ಹೇಳುವಾಗ ಬಿಟ್ಟುಹೋದ ವಾಕ್ಯಗಳನ್ನು ಅಲ್ಲೇ ಗೀಟು ಹಾಕಿ ತೆಗೆಯುತ್ತೇನೆ.